ಅರ್ಧ ಕೊಡ

ರೇಣುಕಾ, ನಿನ್ನ ಚಿತ್ರ ಯಾಕೆ ಅರ್ಧವಿತ್ತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ನಿಂತೆ. ಇದರ ಬಗ್ಗೆ ಹದಿನಾರು ವರ್ಷದಿಂದ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ — ಈಗ ನಿನಗೇ ಹೇಳುತ್ತಿದ್ದೇನೆ.

ಮಕ್ತಲ್‌ನ ನಮ್ಮ ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರ್, ನೀನು ಎಂಟನೆಯ ತರಗತಿ. ಚುಕ್ಕಿ, ಗೆರೆ, ಆಕಾರ, ಅಳತೆ, ನೆರಳು, ಬೆಳಕು — ಕಪ್ಪು ಹಲಗೆಯ ಮೇಲೆ ನಾನು ಬರೆದ ಈ ಆರು ಮಾತುಗಳನ್ನು ಬೇರೆ ಮಕ್ಕಳು ಬಾಯಿಪಾಠ ಮಾಡಿದರು. ನೀನೊಬ್ಬಳೇ ಅವನ್ನು ಕೈಗೆ ಇಳಿಸಿಕೊಂಡೆ. ಸ್ಕೇಲ್ ಇಲ್ಲದೆ ನೀನು ಎಳೆದ ಗೆರೆಯ ಮೇಲೆ ನಾನು ಸ್ಕೇಲ್ ಇಟ್ಟು ನೋಡಿದ್ದುಂಟು. ಹೊಟ್ಟೆಕಿಚ್ಚು ಎಂದುಕೋ ಬೇಕಾದರೆ.

ಆದರೆ ನೀನು ಎಲ್ಲವನ್ನೂ ಅರ್ಧ ಬರೆಯುತ್ತಿದ್ದೆ. ಮೊದಲು ನಟ್ಟನಡುವೆ ಒಂದು ಗೆರೆ ಎಳೆಯಿರಿ ಎಂದು ನಾನು ಹೇಳಿದರೆ, ಎಳೆದು, ಅದರ ಎಡಗಡೆಯಷ್ಟೇ ತುಂಬಿ ಪೆನ್ಸಿಲ್ ಕೆಳಗಿಡುತ್ತಿದ್ದೆ. ಅರ್ಧ ಕಮಲ, ಅರ್ಧ ತಂಬಿಗೆ. ಯಾಕವಾ ಹಿಂಗೆ ಎಂದು ಕೇಳಿದಾಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಇನ್ನರ್ಧ ಮಗ್ಗ ನೋಡ್ಕೊಂತೈತಲ್ರೀ ಟೀಚರ್."

ನೇಕಾರರ ಮನೆಯ ರೀತಿ ಅದು. ಸೀರೆಯ ಅಂಚಿನ ಹೂವನ್ನು ಚೌಕಳಿ ಹಾಳೆಯ ಮೇಲೆ ಅರ್ಧ ಬರೆದರೆ ಸಾಕು; ಮಗ್ಗ ಅದನ್ನೇ ಮಗುಚಿ ಉಳಿದರ್ಧ ನೇಯುತ್ತದೆ. ನಿನ್ನಪ್ಪ ಹಾಗೆ ಬರೆಯುವುದನ್ನು ನೋಡುತ್ತ ನೀನು ಬೆಳೆದಿದ್ದೆ. ನಾನೂ ಹಾಗೆಯೇ ಬೆಳೆದವಳು. ನಾರಾಯಣಪೇಟೆಯಲ್ಲಿ ನನ್ನಪ್ಪ ಬದುಕಿಡೀ ಅರ್ಧ ಹೂ ಬರೆದವನು. ಆದರೆ ಸ್ಟಾಫ್ ರೂಮಿನಲ್ಲಿ — ನಮ್ಮಪ್ಪನದು ಸೀರೆ ಅಂಗಡಿ ಎಂದು ಹೇಳಿಕೊಂಡಿದ್ದೆ. ಯಾರೂ ಕೇಳಿರಲಿಲ್ಲ, ನಾನಾಗಿಯೇ ಹೇಳಿದ್ದೆ. ಹಾಗಾಗಿ ನಿನ್ನ ಚಿತ್ರದ ಕೆಳಗೆ ಕೆಂಪು ಶಾಯಿಯಲ್ಲಿ 'ಅಪೂರ್ಣ' ಎಂದು ಬರೆದು ಮುಂದಿನ ಬೆಂಚಿಗೆ ಹೋಗುತ್ತಿದ್ದೆ.

ನೀನೊಮ್ಮೆ ನಮ್ಮ ಮನೆಗೆ ಬಂದಾಗ ಅಪ್ಪನ ಹಾಳೆಗಳ ಕಟ್ಟು ನೋಡಿಬಿಟ್ಟೆ. "ಅಯ್ಯ, ನಿಮ್ಮ ಮನ್ಯಾಗೂ ಅರ್ಧಾನೇ ಬರೀತಾರ್ರೀ?" ಎಂದು ನಕ್ಕೆ. "ಸಾಲ್ಯಾಗ ಯಾರಿಗೂ ಹೇಳಬ್ಯಾಡವಾ" ಎಂದೆ. ನೀನು ಹೇಳಲಿಲ್ಲ.

ಆಮೇಲೆ ಆ ದಿನ ಬಂತು. ಗದ್ವಾಲದ ಚಿತ್ರಶಿಬಿರಕ್ಕೆ ಒಬ್ಬರನ್ನು ಆರಿಸಲು ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ಅಲ್ಲಿ ಗೆದ್ದ ಮಕ್ಕಳನ್ನು ಮುಂದೆ ಚಿತ್ರಕಲೆ ಓದಿಸುತ್ತಾರೆ; ನೀನು ಹೋಗದಿದ್ದರೆ ನಿನ್ನಪ್ಪ ಶಾಲೆ ಬಿಡಿಸುತ್ತಾನೆ — ಇದೂ ನನಗೆ ಗೊತ್ತಿತ್ತು. ಮೇಜಿನ ಮೇಲೆ ಒಂದು ಹಿತ್ತಾಳೆ ಕೊಡ ಇಟ್ಟರು. ನೀನು ಅದರ ಎಡಗಡೆಯ ಅರ್ಧ ಬರೆದೆ. ಅಂಥ ಕೊಡವನ್ನು ನಾನು ಇವತ್ತಿಗೂ ಬರೆದಿಲ್ಲ.

ಪರೀಕ್ಷಕರು ಹಾಳೆಯನ್ನು ಎತ್ತಿ ಹಿಡಿದರು. "ಏನ್ರೀ ಟೀಚರಮ್ಮ, ಅರ್ಧ ಕೊಡ ಬರಿಯಾಕ ಕಲಿಸೀರೇನು?"

ತರಗತಿ ನಕ್ಕಿತು. ನೀನು ನನ್ನ ಕಡೆ ನೋಡಿದೆ. ಮುಖದಲ್ಲಿ ಹೆದರಿಕೆ ಇರಲಿಲ್ಲ — ಟೀಚರ್‌ಗೆ ಗೊತ್ತಲ್ಲ, ಅವರು ಹೇಳುತ್ತಾರೆ ಎಂಬ ಧೈರ್ಯ. ಕಿಟಕಿ ಎಡಕ್ಕಿದೆ, ಬೆಳಕು ಆ ಕಡೆಯಿಂದ ಬೀಳುತ್ತದೆ, ಬಲಗಡೆಯೆಲ್ಲ ನೆರಳು. ಸೀರೆಯ ಹೂವಿನ ಹಾಗೆ ಕೊಡದ ಎರಡು ಅರ್ಧ ಒಂದೇ ಅಲ್ಲ, ಇದನ್ನು ಮಗ್ಗ ತುಂಬಿಕೊಡುವುದಿಲ್ಲ, ನೀನೇ ಬರಿ ನನ್ನವ್ವಾ — ಇಷ್ಟು ನಾನು ಹೇಳಿದ್ದರೆ ನೀನು ಅಲ್ಲೇ ಕೂತು ಮುಗಿಸಿಬಿಡುತ್ತಿದ್ದೆ. ಹೇಳಿದರೆ, ಮಗ್ಗದ ವಿಷಯ ನಿಮಗೆ ಹೇಗೆ ಗೊತ್ತು ಎಂದು ಆತ ಕೇಳುತ್ತಿದ್ದರು. ಅಷ್ಟಕ್ಕೆ ಹೆದರಿದೆ.

"ಎಷ್ಟು ಹೇಳಿದ್ರೂ ಈಕಿ ತಲಿಗೆ ಹತ್ತಂಗಿಲ್ರೀ" ಎಂದೆ.

ನೀನು ಕೂತು ರಬ್ಬರಿನಿಂದ ಕೊಡವನ್ನು ಅಳಿಸಿದೆ. ನಡುವಿನ ಗೆರೆಯನ್ನೂ ಬಿಡಲಿಲ್ಲ. ಮರುವರ್ಷ ನೀನು ಶಾಲೆಗೆ ಬರಲಿಲ್ಲ.

ಹೋದ ತಿಂಗಳು ಗದ್ವಾಲದಲ್ಲಿ ಮದುವೆಯೊಂದಕ್ಕೆ ಸೀರೆ ನೋಡಲು ಒಂದು ಮನೆಗೆ ಹೋದೆ. ಮಗ್ಗದಿಂದ ಎದ್ದು ಬಂದವಳು ನೀನು. "ಬರ್ರಿ ಟೀಚರ್, ಕುಂದರ್ರಿ" ಎಂದು ಚಾ ಕೊಟ್ಟೆ. ಗೋಡೆಗೆ ಅಂಟಿಸಿದ್ದ ಸೀರೆಯಂಚಿನ ಚಿತ್ರ ತೋರಿಸಿ, ನೀನೇ ಬರೆದದ್ದಾ ಎಂದು ನಾನು ಕೇಳಿದೆ.

"ಇಲ್ರೀ, ಹೊರಗ ಬರಿಸ್ತೀವಿ. ನಂಗೆಲ್ಲಿ ಬರ್ತೈತ್ರೀ ಅದು? ತಲಿಗೆ ಹತ್ತಂಗಿಲ್ಲಲ್ರೀ."

ಚುಚ್ಚಬೇಕೆಂದು ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಅದನ್ನು ನಂಬಿಬಿಟ್ಟಿದ್ದೀ, ರೇಣುಕಾ. ಆದರೂ ನಾನು ಚಾ ಕುಡಿದು, ಸೀರೆ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಈ ಭಾನುವಾರ ಅಪ್ಪನ ಹಾಳೆಗಳ ಕಟ್ಟು ತೆಗೆದುಕೊಂಡು ಬರುತ್ತೇನೆ. ನಿನ್ನ ಗಂಡ, ನಿನ್ನ ಅತ್ತೆ ಎದುರಿಗಿರುವಾಗಲೇ ಹೇಳುತ್ತೇನೆ — ಅವತ್ತು ನಾನಾಡಿದ್ದು ಸುಳ್ಳು ಎಂದು. ಮನೆಯೊಳಗೆ ಕರೆಯುವುದು, ಬಿಡುವುದು ನಿನ್ನ ಇಷ್ಟ.

ನಿನ್ನೆ ಸ್ಟಾಫ್ ರೂಮಿನಲ್ಲಿ ಮೊದಲು ಹೇಳಿ ನೋಡಿದೆ. ನಮ್ಮಪ್ಪನದು ಅಂಗಡಿಯಲ್ಲ, ಆತ ನೇಕಾರ ಎಂದೆ. "ಹೌದೇನ್ರೀ" ಎಂದರು ಒಬ್ಬರು. ಆಮೇಲೆ ಎಲ್ಲರೂ ತಮ್ಮ ತಮ್ಮ ಪೇಪರು ತಿದ್ದತೊಡಗಿದರು. ಅಷ್ಟೇ. ಅಷ್ಟಕ್ಕಾಗಿ ನಾನು ನಿನ್ನ ಕೈಯಿಂದ ಪೆನ್ಸಿಲ್ ಕಸಿದುಕೊಂಡಿದ್ದೆ.