ಹೆಸರಿಲ್ಲದ ಉಪವಾಸ

ರಾಯಚೂರಿನಲ್ಲಿ ದೇವದುರ್ಗದ ಮೊದಲ ಬಸ್ಸು ಹತ್ತಿದಾಗ ಇನ್ನೂ ಚಳಿಯಿತ್ತು. ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ ಪಡೆದು ಕಿಟಕಿ ಹಿಡಿದೆ. ಐವತ್ತು ದಾಟಿದ ಮೇಲೆ ಮೈ ಭಾರವಾಗಿ ಮೊಣಕಾಲು ಮುನಿಸಿಕೊಂಡಿದ್ದವು. ಹಾಗಾಗಿ ರಾತ್ರಿ ಎಂಟಕ್ಕೆ ಉಂಡರೆ ಮರುದಿನ ಮಧ್ಯಾಹ್ನದವರೆಗೆ ಬರೀ ನೀರು. ಆ ಖಾಲಿ ಹೊಟ್ಟೆಯಲ್ಲೇ ಬಯಲಲ್ಲಿ ಬಿರುಸು ನಡಿಗೆ. ನಿಜ ಹೇಳಬೇಕೆಂದರೆ, ಕೊನೆಗೆ ಬರುವ ಆ ಹಸಿವಿನ ಸುಖಕ್ಕಾಗಿಯೇ ನಾನು ನಡೆಯುತ್ತಿದ್ದೆ.

ದೇವದುರ್ಗದಲ್ಲಿಳಿದು ಅರಕೇರಾ ಕಡೆಗೆ ನಡೆಯುತ್ತ ಹೊರಟೆ. ಅಲ್ಲಿಂದ ಬಸ್ಸಿನಲ್ಲಿ ಮಾನ್ವಿಯ ತಂಗಿಯ ಮನೆಗೆ ಹೋಗುವುದಿತ್ತು. ಹತ್ತಿ ಬಿಡಿಸಿದ ಹೊಲಗಳಲ್ಲಿ ನರಪಿಳ್ಳೆ ಇರಲಿಲ್ಲ, ಗಾಳಿಯೂ ನಿಂತಿತ್ತು. ದಾರಿಬದಿಯ ಗುಡಿಸಲ ಮುಂದೆ, ಬೇವಿನ ಕೆಳಗೆ, ಎಲುಬಿನ ಹಂದರದಂಥ ಮುದುಕಿಯೊಬ್ಬಳು ಬಿಚ್ಚದ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಉಂಡೀಯಿಲ್ಲೋ ಯವ್ವಾ?" ಎಂದು ನನ್ನನ್ನು ಕೇಳಿದಳು.

"ಇಲ್ಲ ಯವ್ವಾ, ಉಪಾಸ ಅದೀನಿ."

"ಯಾವ ದೇವರಿಗಿ ಹಿಡದೀದಿ?"

ಅಂದು ಸೋಮವಾರವೂ ಅಲ್ಲ, ಏಕಾದಶಿಯೂ ಅಲ್ಲ. "ಯಾವ ದೇವರಿಗೂ ಅಲ್ಲ, ಸುಮ್ನ," ಎಂದು ನಕ್ಕೆ.

ಅವಳು ನಗಲಿಲ್ಲ. "ಹೆಸರಿಲ್ಲದ ಉಪಾಸ ಹಾದ್ಯಾಗ ಬಿದ್ದಂಗವ್ವಾ. ಯಾರರ ಎತ್ಗೊಂತಾರ."

"ಹಂಗಾರ ನೀನೇ ತಗೋ," ಎಂದು ತಮಾಷೆ ಮಾಡಿದೆ.

ಮುದುಕಿ ಉಡಿ ತುಂಬಿಸಿಕೊಳ್ಳುವವಳಂತೆ ಎರಡೂ ಕೈಯಿಂದ ಸೆರಗು ಒಡ್ಡಿದಳು. ಒಂದು ಗಳಿಗೆ ಬಿಟ್ಟು, ಅದನ್ನು ಜೋಪಾನವಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಕೈಮುಗಿದು ಮುಂದೆ ನಡೆದೆ.

ಅರಕೇರಾದ ಹೋಟೆಲಿನಲ್ಲಿ ಮಂಡಕ್ಕಿಯ ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ ಭಜಿ ಮುಂದೆ ಬಂದವು. ತುತ್ತು ಬಾಯಲ್ಲಿ ಹೊರಳಿತೇ ಹೊರತು ಗಂಟಲಿಗಿಳಿಯಲಿಲ್ಲ. ತಲೆಸುತ್ತಿಲ್ಲ, ಸಂಕಟವಿಲ್ಲ. ಹಸಿವು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ಅಷ್ಟೆ.

ಮಾನ್ವಿಯಲ್ಲಿ ತಂಗಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿದ್ದಳು. "ಬಿಸಲು ಬಡದದ ಅಕ್ಕಾ, ಮಜ್ಜಿಗಿಯರ ಕುಡಿ," ಎಂದಳು. ಅದೂ ಸೇರಲಿಲ್ಲ. ಮರುದಿನವೂ ಅದೇ ಕಥೆ. ತಂಗಿ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ನಾಡಿ, ಹೊಟ್ಟೆ, ಸಕ್ಕರೆ ಎಲ್ಲ ನೋಡಿ ಸರಿಯಾಗಿದೆ ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಹಸಿವಿಲ್ಲದವಳಿಗೆ ಬೆಳಗೂ ಒಂದೇ, ಬೈಗೂ ಒಂದೇ. ಹೀಗೇ ಒಣಗಿ ಹೋಗುತ್ತೇನೆ ಅನ್ನಿಸಿತು. ನಗಬೇಡಿ, ಮೂರನೆಯ ದಿನ ನನ್ನ ಹಸಿವನ್ನು ವಾಪಸು ಕೇಳಲೆಂದೇ ಅರಕೇರಾ ಮೇಲೆ ಹಾಯುವ ದೇವದುರ್ಗದ ಬಸ್ಸು ಹತ್ತಿದೆ.

ಗುಡಿಸಲಲ್ಲಿ ಮುದುಕಿ ಉಣ್ಣುತ್ತಿದ್ದಳು. ಕೆನ್ನೆ ತುಂಬಿಕೊಂಡಿದ್ದವು. ಒಲೆಯ ಮುಂದಿದ್ದ ಸೊಸೆ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಬರ್ರಿ, ಬರ್ರಿ. ನಮ್ಮತ್ತಿ ನೋಡ್ರಿ, ಮಾವ ಸತ್ತ ಮ್ಯಾಲ ತುತ್ತು ಮುಟ್ಟತಿದ್ದಿಲ್ಲ. ಕೈ ಬಿಟ್ಟಿದ್ವಿರೀ. ಮೊನ್ನಿಯಿಂದ ಹೆಂಗ ಉಣ್ಣಾಕತ್ತಾಳ! ರೊಟ್ಟಿ ಬಡದು ಬಡದು ನನ್ನ ರಟ್ಟಿ ಬಿದ್ದಾವ."

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿದವು. ಕೇಳಬೇಕೆಂದು ಬಂದ ಮಾತು ನನ್ನ ಬಾಯಲ್ಲೇ ಉಳಿಯಿತು.

"ನೀವೂ ಉಣ್ಣರೀ."

"ನನಗ ಹಸಿವಿಲ್ಲವ್ವಾ."

ನಮ್ಮ ಕಡೆ ಇದು ಪ್ರತಿ ಅತಿಥಿಯೂ ಹೇಳುವ ಮಾತು, ಯಾರೂ ನಂಬುವುದಿಲ್ಲ. ಸೊಸೆಯೂ ನಂಬದೆ, ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯೆ ಹಾಕಿ ನನ್ನ ಅಂಗೈಗಿಟ್ಟಳು.

ಮುದುಕಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಒತ್ತಾಯ ಮಾಡಬ್ಯಾಡ," ಎಂದಳು ಸೊಸೆಗೆ. "ಆಕಿಗಿ ಖರೇನೇ ಹಸಿವಿಲ್ಲ."

ಮತ್ತೆ ಕೈಚಾಚಿ, ನನ್ನ ಅಂಗೈಯ ಮೇಲಿನ ರೊಟ್ಟಿಯನ್ನೂ ತೆಗೆದುಕೊಂಡಳು.