ಕಂಬದ ಮೇಲಿನ ಸೊನ್ನೆ

ನಮ್ಮ ಹೊಳೆಯ ಸೇತುವೆಯ ಕಂಬದಲ್ಲಿ ತಪ್ಪು ಅಂಕೆ ಬರೆಸಿದವರು ನೀವು. ದುರಸ್ತಿ ಮಾಡಿಸಿದ ಅಧಿಕಾರಿಗಳು, ಬಣ್ಣ ಬಳಿಸಿದ ಗುತ್ತಿಗೆದಾರರು, ಸ್ಥಳಕ್ಕೆ ಬಾರದೆ ಸಹಿ ಹಾಕಿದ ಇಂಜಿನಿಯರರು: ನಿಮ್ಮೆಲ್ಲರ ಮೇಲೂ ನನ್ನ ಆರೋಪವಿದೆ. ಆ ಅಂಕೆಯನ್ನು ನಂಬಿ ಹನ್ನೊಂದು ದಿನದ ಮಗುವೊಂದನ್ನು ನಾನು ನೆರೆನೀರು ಬರುವ ದಾರಿಯಲ್ಲೇ ಬಿಟ್ಟಿದ್ದೆ. ನನ್ನ ಪಾಲಿನ ತಪ್ಪನ್ನು ಮುಚ್ಚಿಡದೆ ಬರೆಯುತ್ತೇನೆ. ನಿಮ್ಮ ಪಾಲಿನದನ್ನು ನೀವು ಹೇಳಬೇಕು.

ನಮ್ಮ ಹೊಳೆ ಕಾರ್ಕಳದ ಕಡೆಯಿಂದ ಇಳಿದು, ಕಾಪು ತಾಲೂಕಿನ ಗದ್ದೆಗಳನ್ನು ಬಳಸಿ ಸಮುದ್ರ ಸೇರುತ್ತದೆ. ಸೇತುವೆಯಿಂದ ಸ್ವಲ್ಪ ಕೆಳಗೆ ಒಂದು ಕಿಂಡಿ ಅಣೆಕಟ್ಟು. ಮಳೆಗಾಲ ಮುಗಿದ ಮೇಲೆ ಅದರ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮುಂದಿನ ಮಳೆಗೆ ಮೊದಲು ಹಲಗೆ ತೆಗೆದು ಹೊಳೆಯನ್ನು ಬಿಟ್ಟುಕೊಡುತ್ತಾರೆ. ಇದು ಇಲ್ಲಿನ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ಮಣಿಪಾಲದಲ್ಲಿ ಓದು ಮುಗಿಸಿ ಮನೆಗೆ ಬಂದ ವರ್ಷ, ಮಳೆಗಾಲದಲ್ಲಿ ನೀರಿನ ಮಟ್ಟ ನೋಡುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಕಂಬದ ಮೇಲಿನ ಅಳತೆಪಟ್ಟಿಯ ಫೋಟೊ ತೆಗೆದು ಅಧಿಕಾರಿಗಳಿರುವ ವಾಟ್ಸಾಪ್ ಗುಂಪಿಗೆ ಕಳುಹಿಸಬೇಕು. ಮೂರು ಮೀಟರಿನ ಕೆಂಪು ಗೆರೆ ಮುಟ್ಟಿದರೆ ತಗ್ಗಿನಲ್ಲಿರುವವರನ್ನು ಎಬ್ಬಿಸಬೇಕು. ಆ ಬೇಸಿಗೆಯಲ್ಲಷ್ಟೇ ಕಂಬಕ್ಕೆ ಹೊಸ ಕಾಂಕ್ರೀಟಿನ ಹೊದಿಕೆ ಬಿದ್ದು, ಹಳೆಯ ಗುರುತುಗಳು ಮುಚ್ಚಿಹೋಗಿ, ಹೊಸ ಅಂಕೆಗಳು ಹೊಳೆಯುತ್ತಿದ್ದವು.

ತಗ್ಗಿನಲ್ಲಿ ತಗಡಿನ ಶೆಡ್ಡುಗಳಿದ್ದವು. ನಂದಿಕೂರಿನ ಕಡೆ ಕಟ್ಟಡದ ಕೆಲಸಕ್ಕೆ ಹೋಗುವ ಬಾಗಲಕೋಟೆಯ ಕುಟುಂಬಗಳು ಅಲ್ಲಿದ್ದವು. ಆ ದಿನ ಬೆಳಿಗ್ಗೆ ನೀರು ಒಂದೂವರೆಯಲ್ಲಿತ್ತು. ಕೆಂಪಗೆ, ಸದ್ದಿಲ್ಲದೆ, ಬಾಳೆಗಿಡಗಳನ್ನು ಬುಡಸಮೇತ ಹೊತ್ತು ಹೋಗುತ್ತಿತ್ತು. ಶೆಡ್ಡಿನಿಂದ ಒಬ್ಬ ಹೆಂಗಸು ತಲೆಗೆ ಗೊಬ್ಬರದ ಚೀಲ ಹೊದ್ದು ಸೇತುವೆಯ ಮೇಲೆ ಬಂದಳು.

“ಅಕ್ಕಾರ, ಮಗಳು ಹಡದು ಹನ್ನೊಂದು ದಿನ ಆಗೇತ್ರಿ. ಹಸೀ ಬಾಣಂತಿನ್ನ ಇಂಥಾ ಮಳ್ಯಾಗ ಹ್ಯಾಂಗ ಎಬ್ಬಿಸ್ಲಿ? ನೀವು ದಿನಾ ನೋಡ್ತೀರಿ, ಹೇಳ್ರಿ. ಏಳೂದೋ, ಬ್ಯಾಡೋ?”

“ಬೇಡ ಅಮ್ಮ,” ಎಂದೆ. “ಮೂರಕ್ಕೆ ಇನ್ನೂ ತುಂಬಾ ಉಂಟು. ಬಂದರೆ ನಾನೇ ಹೇಳ್ತೇನೆ.”

ಅವಳು ನನ್ನನ್ನು ನಂಬಿ ಹೋದಳು. ನಾನು ಕಳುಹಿಸಿದ ಫೋಟೊಗೆ ಗುಂಪಿನಲ್ಲಿ ಸರಿ ಎಂಬ ಹೆಬ್ಬೆರಳಿನ ಗುರುತು ಬಿತ್ತು. ಆದರೂ ನಾನು ಸೇತುವೆ ಬಿಟ್ಟು ಹೋಗಲಿಲ್ಲ. ಅಂಕೆ ಹೇಳುವುದೂ ಕಣ್ಣು ಕಾಣುವುದೂ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಅಷ್ಟರಲ್ಲಿ ಪ್ರತಿ ವರ್ಷ ಅಣೆಕಟ್ಟಿಗೆ ಹಲಗೆ ಇಳಿಸುವ ನೆರೆಮನೆಯ ಹಿರಿಯರು ಕೊಡೆ ಹಿಡಿದು ಓಡೋಡಿ ಬಂದರು.

“ಮಣಿಪಾಲದಲ್ಲಿ ಅಷ್ಟು ಓದಿ ಬಂದು ಎಂತ ನೋಡ್ತಾ ಇದ್ದಿ ಮಾರಾಯ್ತಿ? ಕಂಬವನ್ನಾ, ಹೊಳೆಯನ್ನಾ? ಬಟ್ಟೆ ಒಗೆಯುವ ಕಲ್ಲು ಮುಳುಗಿ ಗಂಟೆ ಆಯ್ತು!”

“ಪಟ್ಟಿಯಲ್ಲಿ ಒಂದೂವರೆ ಅಲ್ವಾ...”

“ನಿನ್ನ ಪಟ್ಟಿ! ಅವರು ಬಣ್ಣ ಬಳಿಯುವಾಗ ನಾನು ಇಲ್ಲೇ ಇದ್ದೆ. ನೀರು ಎಲ್ಲಿತ್ತೋ ಅಲ್ಲಿಗೆ ಸೊನ್ನೆ ಬರೆದ್ರು. ಹಲಗೆ ಹಾಕಿ ನಿಲ್ಲಿಸಿದ ನೀರು ಅದು. ನಿನ್ನ ಎದೆಮಟ್ಟ ಇತ್ತು!”

ಎದೆಮಟ್ಟದ ನೀರು ಲೆಕ್ಕಕ್ಕೇ ಬಂದಿರಲಿಲ್ಲ. ಹಳೆಯ ಗುರುತಿನ ಪ್ರಕಾರ ಹೊಳೆ ಆಗಲೇ ಮೂರರ ಹತ್ತಿರ ಇತ್ತು. ಸಮುದ್ರ ಉಕ್ಕುವ ಭರತದ ಹೊತ್ತು ಬೇರೆ. ಇನ್ನು ನೀರು ಇಳಿಯಲು ದಾರಿಯಿರಲಿಲ್ಲ.

“ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದು ಕಿರುಚಿದೆ.

“ನನಗೆಂತ ಗೊತ್ತು, ನೀವು ಓದಿದವರು ಅದನ್ನೇ ನಂಬ್ತೀರಿ ಅಂತ? ಓಡು ಮೊದಲು!”

ತಗ್ಗಿನ ದಾರಿಯಲ್ಲಿ ಮೊಣಕಾಲಿನವರೆಗೆ ನೀರು ಬಂದಿತ್ತು. ಕಾಲಿನ ಕೆಳಗೆ ದಾರಿ ಇದೆಯೋ ತೋಡು ಇದೆಯೋ ತಿಳಿಯುತ್ತಿರಲಿಲ್ಲ. ಬಾಣಂತಿಯನ್ನು ಹಿರಿಯರು ಹೆಗಲು ಕೊಟ್ಟು ನಡೆಸಿದರು. ಮಗುವನ್ನು ಅಜ್ಜಿ ಸೆರಗಿನೊಳಗೆ ಕಟ್ಟಿಕೊಂಡಳು. ಉಳಿದ ಶೆಡ್ಡುಗಳ ತಗಡು ಬಡಿದು ಎಲ್ಲರನ್ನೂ ಎಬ್ಬಿಸಿದೆ. ಆ ಗಲಾಟೆಯಲ್ಲಿ ಮಗು ಅಳಲೇ ಇಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಅದಕ್ಕೇ. ಶಾಲೆಯ ಜಗಲಿ ಹತ್ತಿ ಸೆರಗು ಬಿಚ್ಚಿದಾಗ ಅದು ಬಾಯಿ ತೆರೆದು ಅತ್ತಿತು. ನಾನು ಗೋಡೆಗೆ ಒರಗಿ ಕುಳಿತುಬಿಟ್ಟೆ.

ಮಧ್ಯಾಹ್ನ ಮೇಲಿನ ದಾರಿಯಿಂದ ನೋಡಿದೆ. ಅವರ ಶೆಡ್ಡಿನ ಒಂದು ಬದಿಯ ತಗಡು ಕಿತ್ತುಹೋಗಿತ್ತು. ಸೂರಿಗೆ ಕಟ್ಟಿದ ಸೀರೆಯ ತೊಟ್ಟಿಲು ಹಾಗೆಯೇ ತೂಗುತ್ತಿತ್ತು. ಅದರ ತಳ ಕೆಂಪು ನೀರಿನಲ್ಲಿ ತೋಯುತ್ತಿತ್ತು. ಸೇತುವೆಗೆ ಹೋಗಿ ಕಂಬ ನೋಡಿದೆ. ಎರಡಕ್ಕೆ ಇನ್ನೂ ನಾಲ್ಕು ಬೆರಳು ಬಾಕಿಯಿತ್ತು. ತೊಟ್ಟಿಲಿನದೂ ಕಂಬದ್ದೂ ಫೋಟೊ ತೆಗೆದು ಗುಂಪಿಗೆ ಕಳುಹಿಸಿದೆ. ಮತ್ತೆ ಹೆಬ್ಬೆರಳು ಬಂತು.

ನೀರಿಳಿದ ಮೇಲೆ ಕಾಪುವಿನ ತಾಲೂಕು ಕಚೇರಿಗೆ ಹೋದೆ. ಅಳತೆ ನಮ್ಮದಲ್ಲ, ಉಡುಪಿಯಲ್ಲಿ ಕೇಳಿ ಎಂದರು. ಉಡುಪಿಯಲ್ಲಿ, ಬಣ್ಣ ಬಳಿದವರನ್ನೇ ಕೇಳಬೇಕು ಎಂದರು. ಸೊನ್ನೆ ಇಂದಿಗೂ ಅಲ್ಲೇ ಇದೆ. ಶೆಡ್ಡುಗಳು ಕೂಡ ಅಲ್ಲಿಯೇ ಮತ್ತೆ ಎದ್ದಿವೆ, ಬೇರೆ ಜಾಗವನ್ನು ಯಾರೂ ಕೊಡಲಿಲ್ಲ. ಕಾರ್ಕಳದ ಕಡೆ ಆಕಾಶ ಕಪ್ಪಾದರೆ ನಾನು ಈಗ ಕಂಬದ ಹತ್ತಿರ ಹೋಗುವುದಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಎದುರು ನಿಲ್ಲುತ್ತೇನೆ. ಮೊನ್ನೆ ಆ ಹೆಂಗಸು ಅಲ್ಲಿಗೇ ಬಂದು, “ಅಕ್ಕಾರ, ಈ ಸಲ ಹ್ಯಾಂಗ್ರಿ?” ಎಂದು ಕೇಳಿದಳು. ಒಮ್ಮೆ ತಪ್ಪು ಹೇಳಿದ ನನ್ನನ್ನೇ ಅವಳು ಇನ್ನೂ ಕೇಳುತ್ತಾಳೆ.

ಆದುದರಿಂದ, ಆ ಕಂಬಕ್ಕೆ ಸಂಬಂಧಪಟ್ಟ ಎಲ್ಲರಲ್ಲಿಯೂ ನನ್ನ ಕೋರಿಕೆ ಇದು. ಹಲಗೆ ಹಾಕಿದ್ದ ನೀರಿನ ಮಟ್ಟಕ್ಕೆ ಸೊನ್ನೆ ಬರೆಯಲು ಯಾರು ಒಪ್ಪಿಗೆ ಕೊಟ್ಟರು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಮುಂದಿನ ಮಳೆಗೆ ಮೊದಲು, ಹಲಗೆಗಳನ್ನು ತೆಗೆದ ಮೇಲೆ, ಆ ಹಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಳತೆಪಟ್ಟಿಯನ್ನು ಹೊಸದಾಗಿ ಬರೆಸಬೇಕು. ಅಲ್ಲಿಯವರೆಗೆ ತಗ್ಗಿನ ಕುಟುಂಬಗಳಿಗೆ ಎತ್ತರದಲ್ಲಿ ನೆಲೆ ಒದಗಿಸಬೇಕು. ಮತ್ತು ನಿಮ್ಮಲ್ಲಿ ಒಬ್ಬರಾದರೂ ಬಂದು, ಏಳಬೇಕೋ ಬೇಡವೋ ಎಂಬ ಆಕೆಯ ಪ್ರಶ್ನೆಗೆ ಎದುರು ನಿಂತು ಉತ್ತರಿಸಬೇಕೆಂದು ವಿನಂತಿಸುತ್ತೇನೆ.