ಮೊದಲ ಪಂಕ್ತಿಯಿಂದ ನಾನು ಏಳಲಿಲ್ಲ

ಸೇಡು ತೀರಿಸಿಕೊಳ್ಳಬಾರದು ಎಂದು ಬುದ್ಧಿ ಹೇಳುವವರು ಯಾರೂ ಬೇರೆ ಲೋಟದಲ್ಲಿ ನೀರು ಕುಡಿದವರಲ್ಲ. ನಾನು ಕುಡಿದಿದ್ದೇನೆ. ಚಿಕ್ಕಂದಿನಲ್ಲಿ ಊರಲ್ಲಿ ಕುಡಿದದ್ದು ಬಿಡಿ, ಅದು ಆ ಕಾಲ. ಮುಪ್ಪಿನಲ್ಲಿ, ನೆದರ್‌ಲ್ಯಾಂಡ್ಸ್‌ನ ಹೂಫ್‌ಡಾರ್ಪ್‌ನಲ್ಲಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮನೆಯಲ್ಲಿ ಕುಡಿದೆ. ಅದರ ಸೇಡನ್ನು ಹೇಗೆ ತೀರಿಸಿಕೊಂಡೆ ಎಂದು ಬರೆಯುತ್ತೇನೆ. ನಾಲ್ಕನೇ ಇಯತ್ತೆ ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಗಳು ಮೈಸೂರಿನ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವರದು ಮೇಲಿನ ಜಾತಿ, ನಮ್ಮದು ಕೆಳಗಿನದು. ಯಾವುದು ಎಂದು ಕೇಳಬೇಡಿ. ಹೆಸರು ಬರೆದರೆ ಓದುವವರು ಅದೊಂದನ್ನೇ ಓದಿ ಉಳಿದದ್ದನ್ನು ಬಿಡುತ್ತಾರೆ. ಅಳಿಯ ಒಳ್ಳೆಯವನು. ವಿಮಾನ ನಿಲ್ದಾಣದ ಹತ್ತಿರದ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ, ಮನೆಯಲ್ಲಿ ತಾಯಿ ಹೇಳಿದ್ದಕ್ಕೆ ತಲೆಯಾಡಿಸುತ್ತಾನೆ. ಅಷ್ಟೇ ಅವನ ದೋಷ.

ಇಷ್ಟು ವರ್ಷ ಮಗಳು ಇಬ್ಬರು ತಾಯಂದಿರನ್ನೂ ಒಟ್ಟಿಗೆ ಕರೆಸಿರಲಿಲ್ಲ. ಬೀಗತಿ ಹೋದ ಮೇಲೆ ನಾನು, ನಾನು ಹೋದ ಮೇಲೆ ಬೀಗತಿ. ಈ ಸಲ ಅವರು ಇಲ್ಲೇ ಸ್ವಂತ ಮನೆ ಕೊಂಡರು. ಗೃಹಪ್ರವೇಶಕ್ಕೆ ಇಬ್ಬರೂ ಬೇಕಾಯಿತು. ನಾನು ಬಾಗಲಕೋಟೆ ಕಡೆಯಿಂದ ಬಂದೆ, ಬೀಗತಿ ಮೈಸೂರಿನಿಂದ ಬಂದರು, ಬೀಗತಿಯ ಅಣ್ಣ ಅಮೆರಿಕದಿಂದ ಬಂದರು.

ಬಂದ ಮರುದಿನ ಬೆಳಿಗ್ಗೆ ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು. ನನಗೆ ಒಂದು ಸ್ಟೀಲಿನ ಲೋಟ. ಸ್ಟೀಲಿನಲ್ಲಿ ಕುಡಿದೇ ಬೆಳೆದವಳು, ತಲೆ ಕೆಡಿಸಿಕೊಳ್ಳಲಿಲ್ಲ. ಕುಡಿದು ಲೋಟವನ್ನು ಸಿಂಕಿನಲ್ಲಿ ಇಟ್ಟೆ. ಬೀಗತಿ ಹಿಂದೆಯೇ ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿದರು. ತೊಳೆದು, ಕಿಟಕಿಯ ಕಟ್ಟೆಯ ಮೇಲೆ, ಸೋಪಿನ ಬಾಟಲಿಯ ಪಕ್ಕದಲ್ಲಿ ಕವುಚಿದರು. ಅಲ್ಲೇ ಒಂದು ತಟ್ಟೆಯೂ ಇತ್ತು.

"ಬೀಗರೇ, ಇವು ನಿಮ್ಮವು. ಇಲ್ಲೇ ಇಟ್ಟಿರ್ತೀನಿ, ಹುಡುಕೋದು ಬೇಡ ನಿಮಗೆ."

"ಬೀರುವಿನ್ಯಾಗ ಇಟ್ಟರ ನನಗ ಸಿಗೂದಿಲ್ಲೇನ್ರಿ?"

"ಅಯ್ಯೋ, ತಪ್ಪು ತಿಳ್ಕೋಬೇಡಿ. ನಾನು ಭೇದಗೀದ ಮಾಡೋಳಲ್ಲಪ್ಪ. ನೀವು ಮೀನು, ಮಾಂಸ ತಿನ್ನೋರು. ಪೂಜೆ ಬೇರೆ ಇದೆ. ಮಡಿ ಅಂತ ಒಂದಿರುತ್ತಲ್ಲ."

ಜೇನಿನಂಥ ಮಾತು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ನನ್ನ ಬಾಯಿ ಊರಿಗೇ ಗೊತ್ತು. ಬೈಯದವರನ್ನು ಏನು ಮಾಡುವುದು? ಮಗಳ ಕೋಣೆಗೆ ಹೋಗಿ ಕೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಮುಖ ಎತ್ತಲಿಲ್ಲ.

"ಅವ್ವಾ, ಅವರು ಬದಲಾಗೂದಿಲ್ಲ. ಪೂಜಾ ಮುಗೀಲಿ. ಅಡ್ಜಸ್ಟ್ ಮಾಡ್ಕೋ."

"ನಿನಗೂ ಬ್ಯಾರೆ ಲೋಟ ಇಟ್ಟಿದ್ದರೇನು?"

ಅವಳು ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಇಟ್ಟಿದ್ದರು ಎಂದು ನನಗೆ ತಿಳಿಯಿತು. ಆವತ್ತು ನಾನು ಒಂದೇ ಒಂದು ನಿರ್ಧಾರ ಮಾಡಿದೆ. ಲೋಟ ಬೀರುವಿಗೆ ಹೋಗುವುದಲ್ಲ ನನಗೆ ಬೇಕಾದದ್ದು. ಈ ಹೆಂಗಸು ಎಲ್ಲರ ಎದುರಿಗೆ ಬಗ್ಗಿ ನನಗೆ ಬಡಿಸಬೇಕು. ಅದಾಗದೆ ನಾನು ಈ ದೇಶ ಬಿಡುವುದಿಲ್ಲ.

ಹೇಗೆ ಎಂದು ಗೊತ್ತಿರಲಿಲ್ಲ. ಅದನ್ನು ಕಲಿಸಿಕೊಟ್ಟವರು ಬೀಗತಿಯ ಅಣ್ಣನೇ. ಅದು ಅವರಿಗೆ ಗೊತ್ತಿಲ್ಲ.

ಅವರು ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಓದಲು ಹೋದವರು, ಅಲ್ಲೇ ಕಾಲೇಜಿನಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಮಾತು ಶುರುವಾದರೆ ನಿಲ್ಲದ ಮನುಷ್ಯ. ಮೊಮ್ಮಗಳಿಗೆ ಶಾಲೆಯಲ್ಲಿ ಅಮೆರಿಕದ ಕಾನೂನುಗಳ ಬಗ್ಗೆ ಬರೆಯಲು ಕೊಟ್ಟಿದ್ದರು. ಅಲ್ಲಿನ ಕೇಂದ್ರ ಸರ್ಕಾರ ಮಾಡಿದ ಯಾವ ಕಾನೂನು ಆ ದೇಶವನ್ನು ಹೆಚ್ಚು ಬದಲಿಸಿತು ಎಂದು. ಡಚ್ ಶಾಲೆಗೆ ಅಮೆರಿಕದ ಉಸಾಬರಿ ಯಾಕೋ. ಅಣ್ಣನವರನ್ನು ಅವಳು ದೊಡ್ಡಜ್ಜ ಎನ್ನುತ್ತಾಳೆ, ಅವರನ್ನೇ ಕೇಳಿದಳು. ಊಟದ ಮೇಜಿನ ಮುಂದೆ ಪಾಠ ಶುರುವಾಯಿತು. ನಾನು ಪಕ್ಕದಲ್ಲಿ ಅವರೆಕಾಳಿನ ಸಿಪ್ಪೆ ತೆಗೆಯುತ್ತಾ ಕುಳಿತಿರುತ್ತಿದ್ದೆ. ಕಾಳು ಬಿಡಿಸಿಕೊಡುವುದಕ್ಕೆ ಮಡಿ ಅಡ್ಡ ಬರಲಿಲ್ಲ. ಬೇಯಿಸುವುದಕ್ಕೆ ಮಾತ್ರ ಬರುತ್ತಿತ್ತು.

ಒಂದು ಕಾನೂನು ಬಂತಂತೆ, ಐದು ವರ್ಷ ಉಳುಮೆ ಮಾಡಿದವನಿಗೆ ಹೊಲ ಸ್ವಂತ. ನಮ್ಮ ಕಡೆಯೂ ಉಳುವವನಿಗೆ ಹೊಲ ಎಂಬ ಕಾನೂನು ಬಂದಾಗ ನಮ್ಮ ಮಾವ ಗೇಣಿ ಹೊಲಕ್ಕೆ ಒಡೆಯನಾಗಿದ್ದ, ಹಾಗಾಗಿ ನನಗೆ ಅದು ಸಲೀಸಾಗಿ ಅರ್ಥವಾಯಿತು. ಅರ್ಥವಾಗದ್ದು ಆ ಹೊಲ ಎಲ್ಲಿಂದ ಬಂತು ಎಂಬುದು. ಕೇಳಿದೆ. "ಅಲ್ಲಿ ಮೊದಲೇ ಇದ್ದ ಮೂಲನಿವಾಸಿಗಳದ್ದು. ಅವರನ್ನ ಓಡಿಸಿ ಕೊಟ್ಟಿದ್ದು" ಎಂದು ಅವರೇ ಹೇಳಿ ಕನ್ನಡಕ ಒರೆಸಿಕೊಂಡರು.

ಇನ್ನೊಂದು ಕಾನೂನು ಕೇಳಿ ನನ್ನ ಕೈ ನಿಂತಿತು. ಗುಲಾಮನೊಬ್ಬ ಓಡಿ ತಪ್ಪಿಸಿಕೊಂಡು, ಗುಲಾಮಗಿರಿ ಇಲ್ಲದ ಸೀಮೆಗೆ ಬಂದರೂ ಅವನನ್ನು ಹಿಡಿದು ಒಡೆಯನಿಗೇ ಒಪ್ಪಿಸಬೇಕಂತೆ. ಅವನನ್ನು ಬಚ್ಚಿಟ್ಟು ಅನ್ನ ಹಾಕಿದವರಿಗೆ ದಂಡ, ಜೈಲು. ಅನ್ನ ಹಾಕಿದ್ದಕ್ಕೆ! ಅದನ್ನು ಕಂಡೇ ಎಷ್ಟೋ ಮಂದಿ ಸುಮ್ಮನಿದ್ದವರು ಸಿಟ್ಟಿಗೆದ್ದರು, ಕೊನೆಗೆ ಆ ದೇಶ ತನ್ನೊಳಗೇ ಯುದ್ಧ ಮಾಡಿಕೊಂಡಿತು ಎಂದರು.

ಆಮೇಲೆ ಹೋಟೆಲಿನ ವಿಷಯ ಬಂತು. ಗುಲಾಮಗಿರಿ ಹೋಗಿ ನೂರು ವರ್ಷವಾದರೂ ಕಪ್ಪು ಜನಕ್ಕೆ ಬೇರೆ ನಲ್ಲಿ, ಬೇರೆ ಬಾಗಿಲು. ಅಂಗಡಿಯಲ್ಲಿ ಸಾಮಾನು ಕೊಳ್ಳಬಹುದು, ಅದೇ ಅಂಗಡಿಯ ಊಟದ ಕಟ್ಟೆಯಲ್ಲಿ ಕೂರುವಂತಿಲ್ಲ.

"ನಾಲ್ಕು ಜನ ಕಾಲೇಜ್ ಹುಡುಗರು ಹೋಗಿ ಸುಮ್ನೆ ಕೂತ್ರು" ಎಂದರು ದೊಡ್ಡಜ್ಜ. "ಕಾಫಿ ಕೊಡಿ ಅಂದ್ರು. ಕೊಡಲ್ಲ ಅಂದ್ರು. ಸರಿ, ಕೊಡೋವರೆಗೂ ಕೂತಿರ್ತೀವಿ. ಮಾರನೇ ದಿನ ಇನ್ನಷ್ಟು ಜನ. ಬೇರೆ ಊರಲ್ಲೂ ಶುರುವಾಯ್ತು. ತಲೆ ಮೇಲೆ ಸಕ್ಕರೆ ಸುರಿದ್ರು, ಸಾಸ್ ಸುರಿದ್ರು, ಎಳೆದು ಹೊಡೆದ್ರು. ಇವರು ಕೈ ಎತ್ತಲಿಲ್ಲ. ಕೆಲವು ವರ್ಷಕ್ಕೆ ಕಾನೂನೇ ಬಂತು, ಹೋಟ್ಲಲ್ಲಿ ಭೇದ ಮಾಡಂಗಿಲ್ಲ ಅಂತ. ಅದರ ಮಾರನೇ ವರ್ಷ ನಮ್ಮಂಥೋರಿಗೂ ಬಾಗಿಲು ತೆಗೆಯೋ ಕಾನೂನು. ಅದಕ್ಕೆ ಮುಂಚೆ ಇಂಡಿಯಾದವರನ್ನ ಬೆರಳೆಣಿಕೆಯಷ್ಟು ಬಿಡ್ತಿದ್ರು. ಆ ಹುಡುಗರು ಕೂರದಿದ್ರೆ ನಾನು ಮೈಸೂರಲ್ಲೇ ಗುಮಾಸ್ತ ಆಗಿರ್ತಿದ್ದೆ."

"ಆ ಕಾನೂನು ಬಂದ್ ಮ್ಯಾಲೆ ಹೋಟೆಲಿನವರ ಮನಸ್ಸು ಸರಿ ಆತೇನ್ರಿ?" ಎಂದೆ.

"ಮನಸ್ಸು ಎಲ್ಲಿ ಆಗುತ್ತೆ ಬೀಗರೇ! ಹಲ್ಲು ಕಚ್ಚಿಕೊಂಡು ಕಾಫಿ ಕೊಟ್ರು."

ಬೀಗತಿ ಅಲ್ಲೇ ನಿಂತು "ಪಾಪ, ಎಂಥ ಜನ ಇರ್ತಾರೆ" ಎಂದು ಮರುಗಿದರು. ಮರುಗುತ್ತಲೇ ನನ್ನ ಲೋಟವನ್ನು ಕಟ್ಟೆಯಿಂದ ಇಳಿಸಿ ಅದರಲ್ಲಿ ನನಗೆ ನೀರು ಕೊಟ್ಟರು. ಅಣ್ಣನ ಕಣ್ಣಿಗೂ ಅದು ಬೀಳಲಿಲ್ಲ. ನಾನು ನೀರು ಕುಡಿದೆ. ಹಲ್ಲು ಕಚ್ಚಿಕೊಂಡು ಕೊಟ್ಟರೂ ಪರವಾಗಿಲ್ಲ, ಕೊಡಲಿ. ಇವರ ಮನಸ್ಸು ನನಗೆ ಏತಕ್ಕೆ? ನನಗೆ ಬೇಕಾದದ್ದು ಕೈ.

ಗೃಹಪ್ರವೇಶದ ದಿನ ಜೂಟರ್‌ಮೀರ್‌ನಿಂದ ಅಳಿಯನ ಗೆಳೆಯರ ಎರಡು ಸಂಸಾರ ಬಂದವು. ಪುರೋಹಿತರು ಬೆಂಗಳೂರಿನಿಂದ ಫೋನಿನ ಪರದೆಯ ಮೇಲೆ ಮಂತ್ರ ಹೇಳಿದರು. ಹೋಮದ ಹೊಗೆಗೆ ಛಾವಣಿಯ ಗಂಟೆ ಕಿರುಚಿ, ಅಳಿಯ ಕುರ್ಚಿ ಹತ್ತಿ ಅದನ್ನು ಬಿಚ್ಚಿಟ್ಟ. ಆಮ್ಸ್ಟರ್‌ಡ್ಯಾಮ್‌ನ ಏಷ್ಯಾ ಸಾಮಾನಿನ ಅಂಗಡಿಯಿಂದ ಬಾಳೆ ಎಲೆ ತಂದಿದ್ದರು. ಪಡಸಾಲೆಯಲ್ಲಿ ಸೋಫಾ ಸರಿಸಿ ನೆಲದ ಮೇಲೆ ಎಲೆ ಹಾಕಿದರು.

ಬೀಗತಿ ಎರಡು ಪಂಕ್ತಿ ಎಂದು ಹೇಳಿದ್ದರು. ಮೊದಲನೆಯದರಲ್ಲಿ ಅವರ ಅಣ್ಣ, ಅಳಿಯ, ಜೂಟರ್‌ಮೀರ್‌ನವರು. ಅವರೂ ಅದೇ ಜಾತಿ. ಎರಡನೆಯದರಲ್ಲಿ ನಾನು, ಮಗಳು, ಮೊಮ್ಮಗಳು. ಮಗಳನ್ನೂ ಮೊಮ್ಮಗಳನ್ನೂ ನನ್ನ ಜೊತೆಗೆ ಸೇರಿಸಿದ್ದು ನೋಡಿ.

ಆ ಮನೆತನದ ಪಂಕ್ತಿಯ ಪದ್ಧತಿ ನಾನು ಮದುವೆಯಲ್ಲೇ ನೋಡಿದ್ದೆ. ಎಲ್ಲ ಎಲೆಗೂ ಬಡಿಸಿ ಮುಗಿಯುವ ತನಕ ಯಾರೂ ಬಾಯಿಗೆ ಇಡುವಂತಿಲ್ಲ. ಎಲೆಯ ಮುಂದೆ ಕುಳಿತವರನ್ನು ಏಳಿಸುವಂತಿಲ್ಲ, ಕುಳಿತವರು ನಡುವೆ ಏಳುವಂತಿಲ್ಲ. ಹಿರಿಯರು ಎಲೆಯ ಸುತ್ತ ನೀರು ಬಿಟ್ಟು ಮೊದಲ ತುತ್ತು ತೆಗೆದುಕೊಂಡ ಮೇಲೆಯೇ ಉಳಿದವರ ಊಟ. ಅವರು ಮಾಡಿದ್ದೇ ಪದ್ಧತಿ, ನಾನು ಮಾಡಿದ್ದಲ್ಲ.

ಎಲ್ಲರೂ ಕೈ ತೊಳೆಯಲು ಹೋದಾಗ ನಾನು ಹೋಗಿ ಅಣ್ಣನವರಿಗೆ ಹಾಕಿದ್ದ ಎಲೆಯ ಪಕ್ಕದ ಎಲೆಗೆ ಕುಳಿತೆ. ಮಂಡಿ ನೋವಿದೆ, ಆದರೂ ಚಕ್ಕಳಮಕ್ಕಳ ಹಾಕಿದೆ. ಎಲ್ಲರೂ ಬಂದು ಕುಳಿತರು. ಒಬ್ಬನಿಗೆ ಎಲೆ ಕಡಿಮೆ ಬಿತ್ತು, ಅಳಿಯ ಇನ್ನೊಂದು ಹಾಕಿದ. ಬೀಗತಿ ಉಪ್ಪಿನ ಬಟ್ಟಲು ಹಿಡಿದು ಬಂದವರು ನನ್ನನ್ನು ಕಂಡು ನಿಂತರು.

"ಬೀಗರೇ, ನೀವು ಎರಡನೇ ಪಂಕ್ತಿ. ಮಗಳ ಜೊತೆ ಆರಾಮಾಗಿ ಕೂರಬಹುದಲ್ಲ?"

"ಇಲ್ಲೇ ಆರಾಮ ಐತ್ರಿ."

ಅವರು ಉಪ್ಪು ಬಡಿಸುತ್ತಾ ಬಂದರು. ನನ್ನ ಎಲೆ ದಾಟಿದರು. ಕೋಸಂಬರಿ ಬಂತು, ನನ್ನ ಎಲೆ ದಾಟಿತು. ಪಲ್ಯ, ಚಿತ್ರಾನ್ನ, ಹೋಳಿಗೆ, ಎಲ್ಲ ದಾಟಿದವು. ಎಲ್ಲರ ಎಲೆ ತುಂಬಿ ನನ್ನದು ಹಸಿರಾಗಿ ಹೊಳೆಯುತ್ತಿತ್ತು. ಅನ್ನ, ತೊವ್ವೆ, ತುಪ್ಪವೂ ಬಿದ್ದ ಮೇಲೆ ಅಣ್ಣನವರು ನೀರು ಬಿಡಲು ಕೈ ಎತ್ತಿದರು, ಪಕ್ಕಕ್ಕೆ ನೋಡಿದರು, ಕೈ ಇಳಿಸಿದರು.

"ಏನಮ್ಮಾ ಇದು? ಇವರ ಎಲೆಗೆ ಉಪ್ಪೇ ಬಿದ್ದಿಲ್ವಲ್ಲ?"

"ಅವರು ಆಮೇಲೆ ಮಾಡ್ತಾರಣ್ಣ. ನೀನು ಶುರು ಮಾಡು."

"ಆಮೇಲೆ ಅಲ್ರಿ, ಈಗ" ಎಂದೆ ನಾನು.

ಜೂಟರ್‌ಮೀರ್‌ನ ಗಂಡಸೊಬ್ಬ ಹೋಳಿಗೆಯನ್ನೇ ನೋಡುತ್ತಿದ್ದ. ಅಳಿಯ ನೆಲ ನೋಡುತ್ತಿದ್ದ. ಮಗಳು ಓಡಿ ಬಂದು ನನ್ನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತಳು.

"ಅವ್ವಾ, ಏಳು. ಮಂದಿ ಮುಂದ ಮರ್ಯಾದಿ ಹೋಗ್ತೈತಿ."

"ಯಾರದು?"

ಅವಳ ಕಣ್ಣಲ್ಲಿ ನೀರು ಬಂತು. ನನಗೆ ಕನಿಕರ ಬರಲಿಲ್ಲ. ಲೋಟದ ದಿನ ಈ ನೀರು ಎಲ್ಲಿತ್ತು? ಅವಳೇ ಎದ್ದು ಉಪ್ಪಿನ ಬಟ್ಟಲು ತಂದು ನನ್ನ ಎಲೆಗೆ ಬಡಿಸಲು ಬಗ್ಗಿದಳು. ನಾನು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದೆ.

"ನೀ ಬ್ಯಾಡ. ಈ ಪಂಕ್ತಿಗೆ ಯಾರು ಬಡಸಾಕತ್ತಾರ, ಅವರ ಬಡಸ್ಲಿ."

ಬಾಗಿಲಿಗೆ ಒರಗಿ ನಿಂತಿದ್ದ ಮೊಮ್ಮಗಳು "ದೊಡ್ಡಜ್ಜ, ನೀವು ಹೇಳಿದ ಹೋಟೆಲ್ ಥರಾನೇ ಇದೆ!" ಎಂದು ಬಿಟ್ಟಳು. ಮಕ್ಕಳ ಬಾಯಿಗೆ ಬೀಗ ಇಲ್ಲ. ಅಣ್ಣನವರ ಮುಖ ಕೆಂಪಾಯಿತು. ನನ್ನ ಲೋಟ ಕವುಚಿದ್ದ ಕಿಟಕಿಯ ಕಟ್ಟೆ ನೋಡಿದರು, ತಂಗಿಯನ್ನು ನೋಡಿದರು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು.

"ಇವರ ಎಲೆಗೆ ಬೀಳೋವರೆಗೂ ನಾನು ಊಟ ಮಾಡಲ್ಲಮ್ಮ. ಸಂಜೆ ಫ್ಲೈಟಿಗೆ ಹಸ್ಕೊಂಡೇ ಹೋಗ್ತೀನಿ."

ಮನುಷ್ಯತ್ವಕ್ಕೆ ಹೇಳಿದರೋ, ಪದ್ಧತಿಗೆ ಹೇಳಿದರೋ, ನಾಚಿಕೆಗೆ ಹೇಳಿದರೋ ನನಗೆ ತಿಳಿಯದು. ಕೇಳಲೂ ಇಲ್ಲ. ತೊವ್ವೆಯ ಮೇಲೆ ತುಪ್ಪ ಹೆಪ್ಪುಗಟ್ಟುತ್ತಿತ್ತು. ಮೇಲೆ ಒಂದು ವಿಮಾನ ಗಾಜು ನಡುಗಿಸುತ್ತಾ ಹೋಯಿತು. ಗೃಹಪ್ರವೇಶದ ದಿನ ಹಿರಿಯ ಅಣ್ಣ ಉಣ್ಣದೆ ಎಲೆ ಬಿಟ್ಟು ಎದ್ದರೆ ಆ ಮನೆಗೆ ಒಳ್ಳೆಯದಲ್ಲ ಎಂದು ನಂಬಿದವರು ಬೀಗತಿ. ನಾನು ಕುಳಿತದ್ದೇ ಆ ನಂಬಿಕೆಯ ಮೇಲೆ.

ಬಂದರು. ಉಪ್ಪು ಮಾತ್ರ ಮೇಲಿಂದ ಬಿತ್ತು, ನನ್ನ ಎಲೆಗೆ ಕೈ ತಾಗಬಾರದಲ್ಲ. ಅರ್ಧ ಎಲೆಗೆ, ಅರ್ಧ ನನ್ನ ಸೀರೆಗೆ.

"ಅಷ್ಟು ಮ್ಯಾಲಿಂದ ಹಾಕಿದ್ರ ತೊವ್ವೆ ಸಿಡೀತೈತ್ರಿ. ಸ್ವಲ್ಪ ಬಗ್ರಿ."

ಬಗ್ಗಿದರು. ಕೋಸಂಬರಿ, ಪಲ್ಯ, ಚಿತ್ರಾನ್ನ, ಹೋಳಿಗೆ, ಅನ್ನ, ತೊವ್ವೆ, ತುಪ್ಪ. ಪ್ರತಿಯೊಂದಕ್ಕೂ ಬಗ್ಗಿದರು. ಅಣ್ಣನವರು ಎಲೆಯ ಸುತ್ತ ನೀರು ಬಿಟ್ಟರು, ಎಲ್ಲರೂ ಉಂಡರು. ನನಗೆ ಹಸಿವಿರಲಿಲ್ಲ. ಆದರೂ ಪಲ್ಯ ಇನ್ನೊಮ್ಮೆ ಕೇಳಿದೆ. ಸಾರು ಎರಡು ಸಲ ಕೇಳಿದೆ. ಹೋಳಿಗೆ ಕೇಳಿ, ಅದಕ್ಕೆ ಹಾಲು ಬೇಕೆಂದೆ, ಹಾಲು ಬಂದ ಮೇಲೆ ತುಪ್ಪವೇ ಇರಲಿ ಎಂದೆ. ಅವರ ಹಣೆಯ ಬೆವರು ಕುಂಕುಮವನ್ನು ಇಳಿಸಿತ್ತು. ಅಷ್ಟು ರುಚಿಯ ಊಟವನ್ನು ನಾನು ಬದುಕಿನಲ್ಲಿ ಉಂಡಿಲ್ಲ.

ಎರಡನೇ ಪಂಕ್ತಿಗೆ ಮಗಳು, ಮೊಮ್ಮಗಳು ಕುಳಿತರು. ಬೀಗತಿಯೇ ಬಡಿಸಿದರು. ಕೊನೆಗೆ ಉಳಿದವರು ಬಡಿಸಿದ ಬೀಗತಿಯೊಬ್ಬರೇ. ಬೆಳಿಗ್ಗೆಯಿಂದ ಉಪವಾಸ. ಮಗಳು ಅವರಿಗೆ ಎಲೆ ಹಾಕಿ, ಅತ್ತೆಗೆ ಬಡಿಸಲು ಸೌಟು ಕೈಗೆ ತೆಗೆದುಕೊಂಡಳು. ನಾನು ಹೋಗಿ ಅವಳ ಕೈಯಿಂದ ಸೌಟು ತೆಗೆದುಕೊಂಡೆ.

"ನೀ ದಣದಿ. ನಾ ಬಡಸ್ತೀನಿ."

ಮಗಳು ನನ್ನನ್ನು ನೋಡಿ, ತಾಯಿಯ ಸಿಟ್ಟು ಇಳಿಯಿತು ಎಂದುಕೊಂಡು ಕಣ್ಣು ಒರೆಸಿಕೊಂಡಳು. ಬೀಗತಿ ಮಾತ್ರ ಹಾಗೆ ತಿಳಿಯಲಿಲ್ಲ. ನಾನು ಸೌಟು ಹಿಡಿದು ಬರುವುದನ್ನು ನೋಡಿ ಅವರ ಕೈ ಎಲೆಯ ಅಂಚಿಗೆ ಹೋಯಿತು, ಎಳೆದುಕೊಳ್ಳಲೋ ತಳ್ಳಲೋ. ಆದರೆ ಅವರೂ ಎಲೆಯ ಮುಂದೆ ಕುಳಿತಾಗಿತ್ತು. ಏಳುವಂತಿಲ್ಲ.

ನಾನು ಬಹಳ ಕೆಳಗೆ ಬಗ್ಗಿ ಬಡಿಸಿದೆ. ಉಪ್ಪನ್ನು ಬೆರಳಿನಿಂದಲೇ ಇಟ್ಟೆ. ಅನ್ನವನ್ನು ಸೌಟಿನಿಂದ ಹಾಕಿ ಜಾರಿದ ಅಗುಳನ್ನು ಕೈಯಿಂದ ಸರಿಮಾಡಿದೆ.

ಅಣ್ಣನವರು ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದರು. "ನೋಡಿ, ಎಂಥ ದೊಡ್ಡ ಮನಸ್ಸು! ಫೋಟೋ ತೆಗಿಯೋ" ಎಂದು ಅಳಿಯನಿಗೆ ಹೇಳಿದರು. ಅಳಿಯ ತೆಗೆದ. ತೆಗೆದು, ಅಲ್ಲೇ ನಿಂತು, ಮೈಸೂರಿನ ಅವರ ಬಂಧುಗಳೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಕಳಿಸಿದ. ಅವರ ಅತ್ತಿಗೆಯರು, ಓರಗಿತ್ತಿಯರು, ಚಿಕ್ಕಮ್ಮಂದಿರು ಎಲ್ಲರ ಕೈಗೂ ಆ ಚಿತ್ರ ಹೋಯಿತು. ನಾನು ಕೇಳಿದ್ದು ಬರೀ ಕೈ. ಇದು ಮೇಲೆ ಬಿದ್ದ ಲಾಭ.

"ಉಣ್ರಿ ಬೀಗರ" ಎಂದೆ. "ಆರಿ ಹೋಗ್ತೈತಿ."

ಅವರು ನನ್ನ ಮುಖ ನೋಡಿದರು. ಆ ಪಡಸಾಲೆಯಲ್ಲಿ ನನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಅವರೊಬ್ಬರೇ. ಎಲೆಯ ಸುತ್ತ ನೀರು ಬಿಟ್ಟರು, ಅನ್ನ ಕಲಸಿದರು. ಮೊದಲ ತುತ್ತು ಗಂಟಲಿನಲ್ಲಿ ಇಳಿಯುವುದು ಕಾಣುವ ತನಕ ನಾನು ಸೌಟು ಹಿಡಿದು ಅಲ್ಲೇ ನಿಂತಿದ್ದೆ.